ಜಪಾನಿನ ವೃತ್ತಿಪರ ಬೇಸ್‌ಬಾಲ್‌ನ ಆನ್-ಡಿಮಾಂಡ್ ಕಾರ್ಡ್‌ಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಜಪಾನಿನ ಬೇಸ್‌ಬಾಲ್ ಕಾರ್ಡ್‌ಗಳನ್ನು ಸಂಗ್ರಹಿಸುತ್ತೇನೆಂದು ತಿಳಿದವರು ಮಾತಿನ ನಡುವೆ, ಪತ್ರಗಳಲ್ಲಿ, ಮೆಸೇಜ್‌ಗಳಲ್ಲಿ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಅವೇ ಆಗಿರುತ್ತವೆ. ಕೇಳಿದವರ ಮಾತಿನಲ್ಲೇ ಅವನ್ನು ಇಲ್ಲಿಟ್ಟು ಉತ್ತರಿಸಿದ್ದೇನೆ. ಹೊಸಬರು ಮೊದಲಿನಿಂದ ಓದಬಹುದು. ಈಗಾಗಲೇ ಕಾರ್ಡ್ ತರಿಸುತ್ತಿರುವವರು ನೇರವಾಗಿ ಕೊನೆಯ ಭಾಗಕ್ಕೆ ಹೋದರೂ ನಷ್ಟವೇನಿಲ್ಲ.

## ಮೊದಲ ಪರಿಚಯ

ಆನ್-ಡಿಮಾಂಡ್ ಕಾರ್ಡ್ ಅಂದ್ರೆ ಏನು? ಪ್ಯಾಕೆಟ್‌ನಲ್ಲಿ ಬರೋ ಕಾರ್ಡಿಗೂ ಇದಕ್ಕೂ ಏನು ವ್ಯತ್ಯಾಸ?

ಪ್ಯಾಕೆಟ್‌ನ ಕಾರ್ಡನ್ನು ಕಂಪನಿ ಮೊದಲೇ ಮುದ್ರಿಸಿ ಅಂಗಡಿಗೆ ಕಳಿಸುತ್ತದೆ. ಒಳಗೆ ಯಾರ ಕಾರ್ಡ್ ಇದೆಯೆಂಬುದು ಒಡೆದ ಮೇಲೆಯೇ ತಿಳಿಯುತ್ತದೆ. ಆನ್-ಡಿಮಾಂಡ್ ಕಾರ್ಡಿನ ಕ್ರಮ ಇದಕ್ಕೆ ತಿರುಗುಮುರುಗು. ಮೈದಾನದಲ್ಲಿ ಏನಾದರೂ ವಿಶೇಷ ನಡೆದ ಮೇಲೆ ಆ ಆಟದ ಫೋಟೋ ಇಟ್ಟು ಕಾರ್ಡಿನ ವಿನ್ಯಾಸ ಮಾಡಿ, ಕಂಪನಿಯ ಆನ್‌ಲೈನ್ ಅಂಗಡಿಯಲ್ಲಿ ನಿಗದಿತ ಅವಧಿಗೆ ಮಾತ್ರ ಆರ್ಡರ್ ತೆಗೆದುಕೊಳ್ಳುತ್ತಾರೆ. ಅವಧಿ ಮುಗಿದಾಗ ಎಷ್ಟು ಆರ್ಡರ್ ಬಂದಿದೆಯೋ ಆ ಲೆಕ್ಕಕ್ಕೆ ಮುದ್ರಿಸಿ, ಕೆಲವು ವಾರಗಳ ನಂತರ ಕಳಿಸುತ್ತಾರೆ. ಶಾಲೆಯ ಗ್ರೂಪ್ ಫೋಟೋ ತೆಗೆದ ಮೇಲೆ ಹೆಸರು ಬರೆಸಿ ದುಡ್ಡು ಕೊಟ್ಟವರಷ್ಟಕ್ಕೇ ಸ್ಟುಡಿಯೋದವರು ಪ್ರಿಂಟ್ ಹಾಕುತ್ತಿದ್ದರಲ್ಲ, ಹೆಚ್ಚುಕಡಿಮೆ ಅದೇ ವ್ಯವಹಾರ.

ಇದರಿಂದ ಎರಡು ಪರಿಣಾಮಗಳಿವೆ. ಯಾವ ಕಾರ್ಡ್ ಸಿಗುತ್ತದೆಂಬ ಜೂಜು ಇಲ್ಲಿಲ್ಲ, ಬೇಕಾದುದನ್ನೇ ಕೊಳ್ಳುತ್ತೀರಿ. ಜೊತೆಗೆ, ಕಾರ್ಡಿನ ಮೇಲಿರುವುದು ಸಾಮಾನ್ಯವಾಗಿ ಒಂದು ಇಡೀ ಋತುವಿನ ಸಾಧನೆಯಾಗಿರದೆ, ತಾರೀಕು ಹಾಕಿದ ಒಂದೇ ಒಂದು ಆಟವಾಗಿರುತ್ತದೆ. ನನ್ನ ಮಟ್ಟಿಗೆ ಈ ಎರಡನೆಯದೇ ಮುಖ್ಯ.

ಜಪಾನಿನಲ್ಲಿ ಇದನ್ನು ಯಾರ್ಯಾರು ಮಾಡ್ತಾರೆ?

ಮೊದಲು ಹಳೆಯ ಮನೆತನಗಳ ವಿಷಯ. ಆಲೂಗಡ್ಡೆ ಚಿಪ್ಸ್‌ಗೆ ಹೆಸರಾದ ಕಾಲ್ಬಿ ಕಂಪನಿ ತಿಂಡಿಯ ಪೊಟ್ಟಣದ ಜೊತೆ ಬೇಸ್‌ಬಾಲ್ ಕಾರ್ಡ್ ಕೊಡಲು ಶುರುಮಾಡಿದ್ದು 1973ರಲ್ಲಿ. ಮೊದಲ ಸಂಖ್ಯೆಯ ಕಾರ್ಡ್ ಯೊಮಿಯುರಿ ಜಯಂಟ್ಸ್‌ನ ಶಿಗೆಒ ನಾಗಾಶಿಮ ಅವರದು. ಬೇಸ್‌ಬಾಲ್ ಮ್ಯಾಗಜೀನ್ ಪ್ರಕಾಶನ ಸಂಸ್ಥೆ ಬಿಬಿಎಂ ಎಂಬ ಹೆಸರಿನಲ್ಲಿ 1991ರಿಂದ ಪ್ಯಾಕೆಟ್ ಕಾರ್ಡ್‌ಗಳನ್ನು ಹೊರತರುತ್ತಿದೆ. ವರ್ಷದ ಹೊಸ ಆಟಗಾರರ ಸೆಟ್, ಹನ್ನೆರಡು ತಂಡಗಳಿಗೂ ಬೇರೆಬೇರೆ ಸೆಟ್, ಋತುವಿನ ಮೊದಲ ಮತ್ತು ಎರಡನೆಯ ಆವೃತ್ತಿ ಎಂದು ಇವರ ಪ್ರಕಟಣೆ ವರ್ಷವಿಡೀ ಹರಡಿಕೊಂಡಿರುತ್ತದೆ.

ಆನ್-ಡಿಮಾಂಡ್ ವಿಷಯದಲ್ಲಿ ಪದೇ ಪದೇ ಕೇಳಿಬರುವ ಹೆಸರುಗಳು ಎರಡು. ಒಂದು ಎಪಾಕ್ ಕಂಪನಿಯ ಎಪಾಕ್ ಒನ್. ಎಪಾಕ್ ಮೂಲತಃ ಆಟಿಕೆ ಕಂಪನಿ. 1958ರಲ್ಲಿ ಅದು ತಯಾರಿಸಿದ ಮೊದಲ ಸರಕೇ ಮೇಜಿನ ಮೇಲೆ ಆಡುವ ಬೇಸ್‌ಬಾಲ್ ಬೋರ್ಡ್ ಆಟ, ಹಾಗಾಗಿ ಈ ಕ್ರೀಡೆ ಅವರಿಗೆ ಹೊಸದಲ್ಲ. ಇನ್ನೊಂದು ಅಮೆರಿಕದ ಟಾಪ್ಸ್. ಘಟನೆ ನಡೆದ ಮಾರನೆಯ ದಿನವೇ ಕಾರ್ಡ್ ಮಾರುವ ಟಾಪ್ಸ್ ನೌ ಎಂಬ ಪದ್ಧತಿಯನ್ನು ಅದು 2016ರಲ್ಲಿ ಅಮೆರಿಕದ ಮೇಜರ್ ಲೀಗ್‌ಗಾಗಿ ಇಪ್ಪತ್ತನಾಲ್ಕು ಗಂಟೆಗಳ ಅವಧಿಯೊಂದಿಗೆ ಆರಂಭಿಸಿತು. 2021ರಲ್ಲಿ ಜಪಾನಿನ ವೃತ್ತಿಪರ ಬೇಸ್‌ಬಾಲ್‌ನ ಪ್ಯಾಕೆಟ್ ಕಾರ್ಡ್‌ಗಳನ್ನು ತಂದ ಟಾಪ್ಸ್, ಆ ಪದ್ಧತಿಯನ್ನೂ ಅಲ್ಲಿಗೆ ಒಯ್ದಿತು.

ನಾನು ಕ್ರಿಕೆಟ್ ನೋಡಿ ಬೆಳೆದವನು. ಕಾರ್ಡ್ ಕೂಡಿಸೋಕೆ ಬೇಸ್‌ಬಾಲ್ ಎಷ್ಟು ಗೊತ್ತಿರಬೇಕು?

ಒಂದು ಋತುವನ್ನು ಹಿಂಬಾಲಿಸುವಷ್ಟು ತಿಳಿದಿದ್ದರೆ ಸಾಕು. ನಿಪ್ಪೋನ್ ಪ್ರೊಫೆಷನಲ್ ಬೇಸ್‌ಬಾಲ್, ಅಂದರೆ ಎನ್‌ಪಿಬಿ, 1950ರಿಂದ ಸೆಂಟ್ರಲ್ ಮತ್ತು ಪೆಸಿಫಿಕ್ ಎಂಬ ಎರಡು ಲೀಗ್‌ಗಳಾಗಿ ನಡೆಯುತ್ತಿದೆ. ಈಗ ಲೀಗಿಗೆ ಆರರಂತೆ ಹನ್ನೆರಡು ತಂಡಗಳಿವೆ, ಪ್ರತಿ ತಂಡ ಋತುವಿಗೆ 143 ಆಟ ಆಡುತ್ತದೆ, ಕೊನೆಯಲ್ಲಿ ಎರಡೂ ಲೀಗ್‌ಗಳಲ್ಲಿ ಕ್ಲೈಮ್ಯಾಕ್ಸ್ ಸೀರೀಸ್ ಎಂಬ ಪ್ಲೇಆಫ್ ಗೆದ್ದ ತಂಡಗಳು ಗರಿಷ್ಠ ಏಳು ಆಟಗಳ ಜಪಾನ್ ಸೀರೀಸ್‌ನಲ್ಲಿ ಎದುರಾಗುತ್ತವೆ.

ಕಾರ್ಡ್‌ಗಳ ಮೇಲೆ ಮತ್ತೆ ಮತ್ತೆ ಬರುವ ಕೆಲವು ಮಾತುಗಳನ್ನು ಕಲಿತುಕೊಳ್ಳಿ. ಪಿಚರ್, ಅಂದರೆ ಚೆಂಡೆಸೆಯುವವನು, ಎದುರಾಳಿಗೆ ಒಂದೂ ಹಿಟ್ (ಬ್ಯಾಟರನ್ನು ಬೇಸ್‌ಗೆ ತಲುಪಿಸುವ ಹೊಡೆತ) ಕೊಡದೆ ಮುಗಿಸಿದ ಆಟ ನೋ-ಹಿಟರ್. ಒಬ್ಬನೇ ಒಬ್ಬ ಬ್ಯಾಟರ್ ಕೂಡ ಯಾವ ರೀತಿಯಲ್ಲೂ ಬೇಸ್ ತಲುಪದಿದ್ದರೆ ಅದು ಪರ್ಫೆಕ್ಟ್ ಗೇಮ್. ಕೊನೆಯ ಸರದಿಯಲ್ಲಿ ಆತಿಥೇಯ ತಂಡಕ್ಕೆ ಅಲ್ಲಿಂದಲ್ಲಿಗೇ ಗೆಲುವು ತಂದುಕೊಡುವ ಹೊಡೆತಕ್ಕೆ ಜಪಾನಿನಲ್ಲಿ ಸಯೊನಾರ ಎನ್ನುತ್ತಾರೆ. ಕೊನೆಯ ಎಸೆತಕ್ಕೆ ಸಿಕ್ಸರ್ ಹೊಡೆದು ಗೆಲ್ಲಿಸಿದ ಪಂದ್ಯಗಳನ್ನು ನೋಡಿದವರಿಗೆ ಆ ಫೋಟೋಗಳಲ್ಲಿನ ಸಂಭ್ರಮ ಹೊಸದೆನಿಸದು.

ಎಂಥ ಎಂಥ ಆಟಕ್ಕೆ ಕಾರ್ಡ್ ಬರುತ್ತೆ?

ನೋ-ಹಿಟರ್, ಪಿಚರ್ ಹೆಸರಿಗೆ ಸೇರುವ ಮೊದಲ ಗೆಲುವು, ಮೊದಲ ಹೋಮ್‌ರನ್ (ಕ್ರಿಕೆಟ್ಟಿನ ಸಿಕ್ಸರ್‌ನಂಥ ಹೊಡೆತ), ಸಯೊನಾರ ಹೊಡೆತ, ದಾಖಲೆ ಮುರಿದದ್ದು, ಲೀಗ್ ಗೆದ್ದದ್ದು ಮುಂತಾದವು ಎಲ್ಲರೂ ಊಹಿಸುವಂಥವೇ. ಮೈಲಿಗಲ್ಲುಗಳಿಗೆ ಜಪಾನಿನಲ್ಲಿ ವಿಶೇಷ ಗೌರವವಿದೆ. 2000 ಹಿಟ್, 200 ಗೆಲುವು ಅಥವಾ 250 ಸೇವ್ (ಕೊನೆಯಲ್ಲಿ ಬಂದು ತಂಡದ ಮುನ್ನಡೆ ಕಾಪಾಡಿದ ಪಿಚರ್‌ಗೆ ಸಿಗುವ ಲೆಕ್ಕ) ಮುಟ್ಟಿದವರಿಗೆ ಮೇಕ್ಯೂಕಾಯ್ ಎಂಬ ಆಟಗಾರರ ಸಂಘದ ಬಾಗಿಲು ತೆರೆಯುತ್ತದೆ. ಆದ್ದರಿಂದ 1,990 ಹಿಟ್‌ಗಳ ಆಸುಪಾಸಿನಲ್ಲಿರುವ ಬ್ಯಾಟರ್ ಯಾರೆಂದು ಋತುವಿನ ಆರಂಭದಲ್ಲೇ ನೋಡಿಟ್ಟುಕೊಂಡರೆ ಯಾವ ವಾರ ಕಣ್ಣಿಟ್ಟಿರಬೇಕೆಂದು ಗೊತ್ತಾಗುತ್ತದೆ. ನಿವೃತ್ತಿಯ ಆಟವೂ ಹಾಗೆಯೇ. ಸೆಪ್ಟೆಂಬರ್ ಕೊನೆಯ ಹೊತ್ತಿಗೆ ಹಿರಿಯ ಆಟಗಾರರನ್ನು ಒಂದು ಸರದಿಗೆ ಇಳಿಸಿ, ಆಟ ಮುಗಿದ ಮೇಲೆ ಹೂಗುಚ್ಛ ಕೊಟ್ಟು ಬೀಳ್ಕೊಡುವುದು ಅಲ್ಲಿನ ರೂಢಿ, ಆ ಕಾರ್ಡ್‌ಗಳು ನನಗೆ ಬಹಳ ಇಷ್ಟ.

ಇವೆಲ್ಲಕ್ಕಿಂತ ಹೆಚ್ಚು ಗಮನಿಸಬೇಕಾದದ್ದು ಪ್ಯಾಕೆಟ್ ಸೆಟ್‌ಗಳು ಕೈಬಿಡುವ ಆಟಗಾರರನ್ನು. ಎನ್‌ಪಿಬಿಯಲ್ಲಿ 2005ರಿಂದ ಇಕುಸೇ ಎಂಬ ತರಬೇತಿ ಒಪ್ಪಂದದ ಪದ್ಧತಿಯಿದೆ. ಆ ಆಟಗಾರರ ಅಂಗಿಯ ಮೇಲೆ ಮೂರಂಕಿಯ ಸಂಖ್ಯೆ ಇರುತ್ತದೆ, ಪೂರ್ಣ ಒಪ್ಪಂದ ಸಿಗುವ ತನಕ ಮೊದಲ ತಂಡದ ಅಧಿಕೃತ ಆಟಗಳಲ್ಲಿ ಅವರು ಆಡುವಂತಿಲ್ಲ. ಅಂಥವನೊಬ್ಬ ಎರಡಂಕಿಯ ಅಂಗಿ ತೊಟ್ಟು ಮೊದಲ ಗೆಲುವು ಪಡೆದ ದಿನ ಕಾರ್ಡ್ ಬಂದರೆ ಬಿಡಬೇಡಿ. ಮುಂದೆ ಮೇಜರ್ ಲೀಗ್‌ಗೆ ಹೋದ ಪಿಚರ್ ಕೊಡಾಯ್ ಸೆಂಗ ಕೂಡ ಫುಕುವೊಕದ ಸಾಫ್ಟ್‌ಬ್ಯಾಂಕ್ ಹಾಕ್ಸ್ ತಂಡಕ್ಕೆ ಬಂದದ್ದು ಇಕುಸೇ ಆಯ್ಕೆಯ ಮೂಲಕವೇ.

ಜಪಾನಿ ಓದೋಕೆ ಬರಲ್ಲ. ಪುಟದಲ್ಲಿ ಏನಿದೆ ಅಂತ ಹೇಗೆ ತಿಳಿಯೋದು?

ಮೊಬೈಲ್‌ನ ಅನುವಾದ ಸೌಲಭ್ಯ ಮುಕ್ಕಾಲು ಪಾಲು ಕೆಲಸ ಮಾಡುತ್ತದೆ, ಆದರೆ ಆಟಗಾರರ ಹೆಸರಿನಲ್ಲಿ ಎಡವುತ್ತದೆ. ಹೆಸರಿನ ಅಕ್ಷರಗಳನ್ನು ಮಾಮೂಲಿ ಪದಗಳೆಂದು ತಿಳಿದು ಬೆಟ್ಟ, ಸೇತುವೆ ಎಂದೆಲ್ಲ ಅನುವಾದಿಸಿಬಿಡುವುದುಂಟು. ತಂಡದ ಅಧಿಕೃತ ಪುಟದಿಂದ ಆಟಗಾರನ ಹೆಸರನ್ನು ಜಪಾನಿ ಲಿಪಿಯಲ್ಲೇ ಕಾಪಿ ಮಾಡಿಟ್ಟುಕೊಂಡು ಹುಡುಕುವುದು ಇದಕ್ಕಿರುವ ಭದ್ರವಾದ ದಾರಿ. ಕುಲನಾಮ ಮೊದಲು ಬರುತ್ತದೆ ಎಂಬುದನ್ನೂ, ಬರೀ ಕುಲನಾಮ ಸಾಲದು ಎಂಬುದನ್ನೂ ಮರೆಯಬೇಡಿ. ಚುನಿಚಿ ಡ್ರಾಗನ್ಸ್‌ನ ಹಿರೋತೊ ತಕಾಹಾಶಿ, ಸೇಬು ಲಯನ್ಸ್‌ನ ಕೋನ ತಕಾಹಾಶಿ, ಯಾಕುಲ್ಟ್ ಸ್ವಾಲೋಸ್‌ನ ಕೇಜಿ ತಕಾಹಾಶಿ ಮೂವರೂ ಪಿಚರ್‌ಗಳೇ.

ಅಂಕಿಗಳು ನಮಗೆ ಪರಿಚಿತವಾದವೇ, ಆದರೆ ತಾರೀಕಿನಲ್ಲಿ ಮೊದಲು ವರ್ಷ, ಆಮೇಲೆ ತಿಂಗಳು, ಕೊನೆಗೆ ದಿನ. ಮಾರಾಟದ ಕೊನೆಯ ಗಳಿಗೆಯನ್ನು ಜಪಾನಿನ ಸಮಯದಲ್ಲಿ ಕೊಟ್ಟಿರುತ್ತಾರೆ. ಅದು ನಮಗಿಂತ ಮೂರೂವರೆ ಗಂಟೆ ಮುಂದಿದೆ. ಅಲ್ಲಿ ರಾತ್ರಿ 11:59ಕ್ಕೆ ಮುಗಿಯುವ ಮಾರಾಟ ಇಲ್ಲಿ 8:29ಕ್ಕೇ ಮುಗಿದಿರುತ್ತದೆ. ಸಂಜೆ ಆರಕ್ಕೆ ಶುರುವಾಗುವ ಆಟ ನಮಗೆ ಮಧ್ಯಾಹ್ನ ಎರಡೂವರೆಗೆ, ಆಫೀಸಿನ ಊಟದ ಹೊತ್ತು ಮುಗಿಯುತ್ತಿದ್ದಂತೆ ಆರಂಭವಾಗುತ್ತದೆ.

## ಕೊಳ್ಳುವುದು, ತರಿಸುವುದು

ಬೆಂಗಳೂರಿನಲ್ಲಿ ಕೂತು ಹೇಗೆ ಆರ್ಡರ್ ಮಾಡೋದು? ಒಟ್ಟು ಎಷ್ಟು ಬೀಳುತ್ತೆ?

ಜಪಾನಿನ ಆನ್‌ಲೈನ್ ಅಂಗಡಿಗಳು ಸಾಮಾನ್ಯವಾಗಿ ಜಪಾನಿನ ವಿಳಾಸಕ್ಕೇ ಕಳಿಸುವಂಥವು. ಅಲ್ಲಿ ನೆಲೆಸಿರುವ ನಂಬಿಕಸ್ಥ ಗೆಳೆಯರಿದ್ದರೆ ಅವರಿಗಿಂತ ಒಳ್ಳೆಯ ದಾರಿಯಿಲ್ಲ. ತೋಕಿಯೊದ ನಿಶಿಕಸಾಯ್ ಭಾಗದಲ್ಲಿ ನೆಲೆಸಿರುವ ಭಾರತೀಯರ ನಡುವೆ ಕನ್ನಡಿಗರೂ ಇದ್ದಾರೆ, ಊರಿಗೆ ಬರುವವರ ಕೈಯಲ್ಲಿ ತರಿಸಿಕೊಳ್ಳುವವರೂ ಇದ್ದಾರೆ. ಇಲ್ಲದಿದ್ದರೆ ಬೈಯೀ, ಜೆನ್‌ಮಾರ್ಕೆಟ್, ಫ್ರಮ್ ಜಪಾನ್‌ನಂಥ ಪ್ರಾಕ್ಸಿ ಸೇವೆಗಳ ಮೊರೆಹೋಗಬೇಕು. ನಿಮ್ಮ ಪರವಾಗಿ ಅವರು ಕೊಂಡು, ಗೋದಾಮಿನಲ್ಲಿಟ್ಟು, ನೀವು ಹೇಳಿದಾಗ ಒಟ್ಟಿಗೆ ಕಳಿಸುತ್ತಾರೆ.

ಆನ್-ಡಿಮಾಂಡ್ ಕಾರ್ಡಿಗೆ ಇಲ್ಲೊಂದು ತೊಡಕಿದೆ. ನೀವು ಕೋರಿಕೆ ಸಲ್ಲಿಸಿದ ತಕ್ಷಣ ಪ್ರಾಕ್ಸಿಯವರು ಕೊಳ್ಳುವುದಿಲ್ಲ. ಅವರ ಸಿಬ್ಬಂದಿ ನೋಡಿ, ದರ ತಿಳಿಸಿ, ನೀವು ಹಣ ಕಟ್ಟಿದ ಮೇಲೆಯೇ ಆರ್ಡರ್ ಆಗುವುದು. ವಾರದ ಕೊನೆ ಅಡ್ಡ ಬಂದರೆ ಮಾರಾಟದ ಅವಧಿಯೇ ಮುಗಿದಿರುತ್ತದೆ. ಜೊತೆಗೆ, ವಾರಗಟ್ಟಲೆ ತಡವಾಗಿ ಬರುವ ಮುಂಗಡ ಆರ್ಡರ್‌ಗಳನ್ನು ಕೆಲವರು ಒಪ್ಪುವುದೇ ಇಲ್ಲ. ಆದ್ದರಿಂದ ಯಾವ ಸೇವೆ ಇಂಥ ಆರ್ಡರ್ ಒಪ್ಪುತ್ತದೆಂದು ಋತು ಶುರುವಾಗುವ ಮೊದಲೇ ವಿಚಾರಿಸಿಟ್ಟುಕೊಳ್ಳಿ.

ಖರ್ಚಿನ ಲೆಕ್ಕ ಹಾಕುವಾಗ ಕಾರ್ಡಿನ ಬೆಲೆಯನ್ನಷ್ಟೇ ನೋಡಬೇಡಿ. ಪ್ರಾಕ್ಸಿಯ ಶುಲ್ಕ, ಜಪಾನಿನೊಳಗಿನ ಅಂಚೆ, ಅಂತರರಾಷ್ಟ್ರೀಯ ಅಂಚೆ, ಇಲ್ಲಿನ ಸುಂಕ ಇವೆಲ್ಲ ಸೇರಿದಾಗ ಒಂದೇ ಕಾರ್ಡ್ ತರಿಸುವುದೆಂದರೆ ಮುಖಬೆಲೆಯ ಹಲವು ಪಟ್ಟು ತೆರುವುದು ಎಂದರ್ಥ. ಹತ್ತಾರು ಕಾರ್ಡ್ ಕೂಡುವ ತನಕ ಗೋದಾಮಿನಲ್ಲೇ ಇಟ್ಟು ಒಂದೇ ಪೊಟ್ಟಣದಲ್ಲಿ ತರಿಸಿದರೆ ತಲಾ ಖರ್ಚು ಗಣನೀಯವಾಗಿ ಇಳಿಯುತ್ತದೆ. ಉಚಿತವಾಗಿ ಇಟ್ಟುಕೊಳ್ಳುವ ಅವಧಿಗೆ ಮಿತಿಯಿರುವುದರಿಂದ ಅದರ ಮೇಲೊಂದು ಕಣ್ಣಿರಲಿ.

ಡೇಟ್ ಮಿಸ್ ಆಯ್ತು. ಇನ್ನು ಸಿಗೋದೇ ಇಲ್ವಾ?

ಕಂಪನಿಯಿಂದ ಸಿಗುವುದಿಲ್ಲ, ಆದರೆ ಇತರರಿಂದ ಸಿಗುತ್ತದೆ. ಕಾರ್ಡ್‌ಗಳು ಮನೆಗಳಿಗೆ ತಲುಪಿದ ಮೊದಲ ಎರಡು ಮೂರು ವಾರಗಳಲ್ಲಿ ಯಾಹೂ ಆಕ್ಷನ್ಸ್ ಮತ್ತು ಮೆರ್ಕಾರಿಯ ಜಪಾನ್ ತಾಣಗಳಲ್ಲಿ ಹೆಚ್ಚಾಗಿ ಮಾರಾಟಕ್ಕೆ ಬರುತ್ತವೆ, ಏಕೆಂದರೆ ಮಾರುವುದಕ್ಕೆಂದೇ ಕೊಂಡವರು ಆಗಲೇ ಕೈತೊಳೆದುಕೊಳ್ಳುತ್ತಾರೆ. ಆ ಅಲೆ ಇಳಿದ ಮೇಲೆ ಪೂರೈಕೆ ಬತ್ತುತ್ತದೆ. ಕೇಳಿದ ಕೂಡಲೇ ಕೊಳ್ಳದೆ, ಮೊದಲ ಅಲೆಯಲ್ಲಿ ಕಾದು ಕೊಳ್ಳುವುದು ಎಷ್ಟೋ ಸಲ ನೇರ ಆರ್ಡರಿಗಿಂತ ಅಗ್ಗವಾಗುವುದೂ ಉಂಟು. ತೋಕಿಯೊಗೆ ಹೋಗುವ ಅವಕಾಶವಿದ್ದರೆ ಮಿಂಟ್ ಎಂಬ ಕಾರ್ಡ್ ಅಂಗಡಿಗಳ ಸರಣಿಯಲ್ಲಿ ಬಿಡಿ ಕಾರ್ಡ್‌ಗಳನ್ನು ಕೈಯಲ್ಲಿ ಹಿಡಿದು ನೋಡಿ ಕೊಳ್ಳಬಹುದು.

ಗಿಫ್ಟ್ ಅಂತ ಬರೆಸಿದ್ರೆ ಕಸ್ಟಮ್ಸ್ ಬೀಳಲ್ಲ ಅಂತಾರಲ್ಲ?

ಅದು ಹಳೆಯ ಮಾತು. ಸಣ್ಣ ಬೆಲೆಯ ಉಡುಗೊರೆ ಪೊಟ್ಟಣಗಳಿಗಿದ್ದ ಸುಂಕದ ವಿನಾಯಿತಿಯನ್ನು ಭಾರತ ಸರ್ಕಾರ 2019ರ ಡಿಸೆಂಬರ್‌ನಲ್ಲಿ ತೆಗೆದುಹಾಕಿತು. ರಾಖಿ ಮತ್ತು ಜೀವರಕ್ಷಕ ಔಷಧಗಳಿಗೆ ಮಾತ್ರ ಅದು ಉಳಿದಿದೆ. ಕೊಂಡ ವಸ್ತುವನ್ನು ಉಡುಗೊರೆಯೆಂದು ಬರೆಸುವುದು ಸುಳ್ಳು ಘೋಷಣೆಯಾಗುತ್ತದೆ, ಲಾಭವೂ ಇಲ್ಲ. ನಿಜವಾದ ಬೆಲೆ, ಕಾಗದದ ಕ್ರೀಡಾ ಕಾರ್ಡ್ ಎಂಬ ವಿವರಣೆ, ಬಿಲ್ಲಿನ ಪ್ರತಿ ಇವಿಷ್ಟು ಸರಿಯಿದ್ದರೆ ಪೊಟ್ಟಣ ಸುಗಮವಾಗಿ ದಾಟುತ್ತದೆ. ಅಮೆರಿಕದಲ್ಲಿರುವ ಕನ್ನಡಿಗರಿಗೂ ಒಂದು ಮಾತು: 800 ಡಾಲರ್‌ವರೆಗಿನ ಪೊಟ್ಟಣಗಳಿಗೆ ಅಲ್ಲಿದ್ದ ಸುಂಕ ವಿನಾಯಿತಿ 2025ರ ಆಗಸ್ಟ್ 29ರಿಂದ ನಿಂತಿದೆ, ಹಳೆಯ ಲೆಕ್ಕದಲ್ಲಿ ಆರ್ಡರ್ ಮಾಡಬೇಡಿ.

ದುಡ್ಡು ಕಟ್ಟಿ ತಿಂಗಳಾಯ್ತು, ಕಾರ್ಡ್ ಬಂದಿಲ್ಲ. ಮೋಸ ಹೋದ್ನಾ?

ಬಹುಶಃ ಇಲ್ಲ. ಆರ್ಡರ್ ಮುಗಿದ ಮೇಲೆಯೇ ಮುದ್ರಣ ಆರಂಭವಾಗುವುದರಿಂದ ಒಂದೆರಡು ತಿಂಗಳು ಹಿಡಿಯುವುದು ಅಸಹಜವಲ್ಲ. ಕಳಿಸುವ ಅಂದಾಜು ಸಮಯವನ್ನು ಮಾರಾಟದ ಪುಟದಲ್ಲಿಯೇ ಹೇಳಿರುತ್ತಾರೆ. ಅದು ಮೀರಿದರೆ ಮಾತ್ರ ವಿಚಾರಿಸಿ.

## ಸಂಗ್ರಹ ಕಟ್ಟುವುದು

ಎಲ್ಲ ಕಾರ್ಡೂ ಕೊಳ್ಳೋಕಾಗಲ್ಲ. ಎಲ್ಲಿಂದ ಶುರು ಮಾಡ್ಲಿ?

ವರ್ಷದ ಪಟ್ಟಿಯನ್ನೆಲ್ಲ ತುಂಬಿಸಲು ಹೊರಡುವುದು ನಮ್ಮಂಥ ದೂರದವರಿಗೆ ಹೇಳಿ ಮಾಡಿಸಿದ್ದಲ್ಲ. ಒಂದು ತಂಡ, ಒಬ್ಬ ಆಟಗಾರ ಅಥವಾ ಒಂದು ಬಗೆಯ ಘಟನೆ ಎಂದು ಎಲ್ಲೆ ಹಾಕಿಕೊಳ್ಳಿ. ನನಗೆ ಹಿಡಿಸಿದ್ದು ಮೂರನೆಯದು, ಯಾಕೆಂದು ಒಂದು ಉದಾಹರಣೆಯಿಂದ ಹೇಳುತ್ತೇನೆ.

2022ರ ಋತುವಿನಲ್ಲಿ ಐದು ನೋ-ಹಿಟರ್‌ಗಳಾದವು. ಏಪ್ರಿಲ್ 10ರ ಭಾನುವಾರ ಚೀಬದ ಮೈದಾನದಲ್ಲಿ ಲೋಟೆ ಮರೀನ್ಸ್‌ನ ಇಪ್ಪತ್ತರ ಹರೆಯದ ರೋಕಿ ಸಸಾಕಿ ಒರಿಕ್ಸ್ ವಿರುದ್ಧ ಪರ್ಫೆಕ್ಟ್ ಗೇಮ್ ಎಸೆದ. 1994ರಲ್ಲಿ ಹಿರೋಮಿ ಮಾಕಿಹಾರ ಎಸೆದದ್ದರ ನಂತರ ಜಪಾನ್ ಕಂಡ ಮೊದಲನೆಯದು ಅದು: 105 ಎಸೆತ, 19 ಸ್ಟ್ರೈಕ್‌ಔಟ್ (ಬ್ಯಾಟರ್ ಚೆಂಡು ಹೊಡೆಯಲಾಗದೆ ಔಟಾಗುವುದು), ಅವುಗಳಲ್ಲಿ ಹದಿಮೂರು ಒಂದರ ಹಿಂದೊಂದು. ಮೇ 11ರಂದು ಸಾಫ್ಟ್‌ಬ್ಯಾಂಕ್‌ನ ನಾವೊ ಹಿಗಾಶಿಹಾಮ, ಜೂನ್ 7ರಂದು ಡಿಎನ್‌ಎ ಬೇಸ್ಟಾರ್ಸ್‌ನ ಶೋಟ ಇಮನಾಗ, ಜೂನ್ 18ರಂದು ಒರಿಕ್ಸ್‌ನ ಯೊಶಿನೊಬು ಯಮಮೊಟೊ, ಆಗಸ್ಟ್ 27ರಂದು ನಿಪ್ಪೋನ್-ಹ್ಯಾಮ್ ಫೈಟರ್ಸ್‌ನ ಕೋಡಿ ಪಾನ್ಸ್ ಸರದಿಯಂತೆ ಅದೇ ಪಟ್ಟಿಗೆ ಸೇರಿದರು. ಇವರಲ್ಲಿ ನಾಲ್ವರು ಆಮೇಲೆ ಜಪಾನ್ ಬಿಟ್ಟು ಬೇರೆ ದೇಶದ ಲೀಗ್‌ಗಳಿಗೆ ಹೋದರು. ಐದೇ ಘಟನೆಗಳ ಸುತ್ತ ಕಾರ್ಡ್ ಹುಡುಕಿದರೂ ಒಂದು ಪೀಳಿಗೆಯ ಪಿಚರ್‌ಗಳ ಕಥೆ ಒಂದೇ ಪುಟದ ಮೇಲೆ ಬಂದು ಕೂರುತ್ತದೆ.

ಇಂಥ ಆಯ್ಕೆಯಲ್ಲಿ ಇನ್ನೂ ಒಳಕ್ಕೆ ಇಳಿಯಬಹುದು. ಸಸಾಕಿಯ ಆ ಆಟದಲ್ಲಿ ಎದುರು ಕೂತು ಚೆಂಡು ಹಿಡಿದ ಕ್ಯಾಚರ್ ಕೋ ಮಾತ್ಸುಕಾವ, ಹೈಸ್ಕೂಲ್ ಮುಗಿಸಿ ನೇರ ಬಂದ ಹದಿನೆಂಟರ ಹುಡುಗ. ಅವನ ಆ ವರ್ಷದ ಕಾರ್ಡ್‌ಗಳನ್ನು ಸಸಾಕಿಯ ಪಕ್ಕದಲ್ಲಿಡದ ಸಂಗ್ರಹ ನನಗೆ ಅರ್ಧಂಬರ್ಧವೆನಿಸುತ್ತದೆ.

ಪ್ರಿಂಟ್ ರನ್ ಕಮ್ಮಿ ಇದ್ದರೆ ಬೆಲೆ ಜಾಸ್ತಿ ತಾನೇ?

ಅತಿ ಹೆಚ್ಚು ಬಾರಿ ಬರುವ ಪ್ರಶ್ನೆ ಇದು. ಪ್ರಿಂಟ್ ರನ್ ಎಂದರೆ ಒಂದು ಕಾರ್ಡ್ ಒಟ್ಟು ಎಷ್ಟು ಪ್ರತಿ ಮುದ್ರಣವಾಯಿತೆಂಬ ಸಂಖ್ಯೆ. ಪ್ಯಾಕೆಟ್ ಕಾರ್ಡ್‌ಗಳಲ್ಲಿ ಅದನ್ನು ಕಂಪನಿ ನಿರ್ಧರಿಸುತ್ತದೆ: ಎಲ್ಲರಿಗೂ ಬೇಕಾದ ಆಟಗಾರನ ಹೊಳೆಯುವ ಕಾರ್ಡನ್ನು ಐವತ್ತೇ ಮುದ್ರಿಸಿ, ಅದರ ಮೇಲೆ ಕ್ರಮಸಂಖ್ಯೆ ಒತ್ತಿ ಬಿಟ್ಟರೆ ಬೇಡಿಕೆಗೂ ಪೂರೈಕೆಗೂ ನಡುವೆ ದೊಡ್ಡ ಕಂದಕ ಏಳುತ್ತದೆ, ಬೆಲೆ ಹುಟ್ಟುವುದು ಆ ಕಂದಕದಲ್ಲಿ. ಆನ್-ಡಿಮಾಂಡ್ ಕಾರ್ಡಿನ ಸಂಖ್ಯೆಯನ್ನು ನಿರ್ಧರಿಸುವವರು ಕೊಳ್ಳುವವರೇ. ಬೇಕೆಂದವರಿಗೆಲ್ಲ ಸಿಕ್ಕ ಮೇಲೆಯೇ ಮುದ್ರಣ ನಿಲ್ಲುತ್ತದೆ. ಆದ್ದರಿಂದ ಇಲ್ಲಿ ಚಿಕ್ಕ ಸಂಖ್ಯೆ ಮೊದಲು ಹೇಳುವುದು ಇಷ್ಟೇ: ಆ ವಾರ ಇದು ಹೆಚ್ಚು ಜನಕ್ಕೆ ಬೇಕಿರಲಿಲ್ಲ.

ಇದರ ಫಲ ಸ್ವಲ್ಪ ವಿಚಿತ್ರವಾಗಿದೆ. ಚರಿತ್ರೆಯಲ್ಲಿ ಉಳಿಯುವ ದಿನದ ಕಾರ್ಡ್‌ಗಳೇ ಅತಿ ಹೆಚ್ಚು ಸಂಖ್ಯೆಯಲ್ಲಿರುತ್ತವೆ, ಮರೆತುಹೋಗುವ ದಿನದವು ಅತಿ ವಿರಳ. ಪರ್ಫೆಕ್ಟ್ ಗೇಮ್‌ನಂಥ ದಿನದ ಕಾರ್ಡನ್ನು, ಅಭಿಮಾನಿಗಳು ಮಾತ್ರವಲ್ಲದೆ ಮರುಮಾರಾಟ ಮಾಡುವವರೂ ಹತ್ತು, ಇಪ್ಪತ್ತು ಎಂದು ಕೊಂಡಿಡುತ್ತಾರೆ. ಏಳನೆಯ ಬ್ಯಾಟರ್ ಆಗಿ ಬಂದು ಮೇ ತಿಂಗಳ ಒಂದು ಮಂಗಳವಾರ ಸಯೊನಾರ ಹೊಡೆದವನ ಕಾರ್ಡನ್ನು ಕೊಂಡವರು ಅವನ ತಂಡದ ಕಟ್ಟಾ ಅಭಿಮಾನಿಗಳಷ್ಟೇ. ಮೊದಲನೆಯದು ಯಾವಾಗ ಹುಡುಕಿದರೂ ಸಿಗುತ್ತದೆ, ಬೆಲೆ ಏರಿಳಿಯುತ್ತದೆ; ಎರಡನೆಯದಕ್ಕೆ ಬೆಲೆಯೇ ಇಲ್ಲ, ಆದರೆ ಬೇಕೆಂದಾಗ ಸಿಗುವುದೂ ಇಲ್ಲ, ಏಕೆಂದರೆ ಇಟ್ಟುಕೊಂಡವರು ಮಾರುವ ಜನ ಅಲ್ಲ.

ದೊಡ್ಡ ಸಂಖ್ಯೆಯ ಕಾರ್ಡಿನ ಬೆಲೆ ಏರುವ ಸಂದರ್ಭವೂ ಇದೆ. ಮುದ್ರಣ ನಿಂತ ಮೇಲೆ ಹೊಸ ಅಭಿಮಾನಿಗಳು ಹುಟ್ಟಿದಾಗ ಹಾಗಾಗುತ್ತದೆ: ಆಟಗಾರ ಮೇಜರ್ ಲೀಗ್‌ಗೆ ಹೋದ, ಅಮೆರಿಕದ ಸಂಗ್ರಹಕಾರರು ಅವನ ಜಪಾನಿನ ದಿನಗಳ ಕಾರ್ಡ್ ಹುಡುಕತೊಡಗಿದರು ಎಂದಾಗ. ಅದನ್ನು ಮೊದಲೇ ಊಹಿಸಿ ಕೊಳ್ಳುತ್ತೇನೆನ್ನುವವರ ಲೆಕ್ಕಾಚಾರ ಅವರಿಗಿರಲಿ. ನನ್ನ ಸಲಹೆ ತಿರುಗುಮುರುಗು: ದೊಡ್ಡ ದಿನದ ಕಾರ್ಡನ್ನು ನಿಧಾನವಾಗಿ ಕೊಳ್ಳಿ, ಅದು ಎಲ್ಲೂ ಓಡಿಹೋಗುವುದಿಲ್ಲ. ನಿಮಗೆ ಇಷ್ಟವಾದ ಸಣ್ಣ ದಿನದ ಕಾರ್ಡನ್ನು ಅವಧಿಯೊಳಗೇ ಕೊಳ್ಳಿ, ಆಮೇಲೆ ಅದನ್ನು ಯಾರೂ ನಿಮಗೆ ತಂದುಕೊಡಲಾರರು.

ಒಂದೇ ಘಟನೆಗೆ ನಾಲ್ಕೈದು ಕಾರ್ಡ್ ಬರುತ್ತಲ್ಲ, ಯಾವುದನ್ನ ತಗೊಳ್ಳೋದು?

ಫೋಟೋ ನೋಡಿ ತೀರ್ಮಾನಿಸಿ. 2022ರಲ್ಲಿ ಯಾಕುಲ್ಟ್‌ನ ಮುನೆತಾಕ ಮುರಕಾಮಿ ಜುಲೈ 31ರಂದು ಮೂರು, ಆಗಸ್ಟ್ 2ರಂದು ಎರಡು ಎಂದು ಸತತ ಐದು ಸರದಿಗಳಲ್ಲಿ ಹೋಮ್‌ರನ್ ಹೊಡೆದ. ಅಕ್ಟೋಬರ್ 3ರಂದು ಋತುವಿನ ತನ್ನ ಕಟ್ಟಕಡೆಯ ಸರದಿಯಲ್ಲಿ 56ನೆಯದನ್ನು ಹೊಡೆದು, ಸದಹಾರು ಓ 1964ರಲ್ಲಿ ಮುಟ್ಟಿದ್ದ 55ನ್ನು ದಾಟಿದ. ಹೀಗೆ ಸರಣಿಯಾಗಿ ನಡೆಯುವ ಸಾಧನೆಯಲ್ಲಿ ಕೊನೆಯ ಕಾರ್ಡೇ ಶ್ರೇಷ್ಠವೆಂದು ಜನ ಮುಗಿಬೀಳುತ್ತಾರೆ. ಚೆಂಡು ಬ್ಯಾಟಿಗೆ ತಾಗಿದ ಕ್ಷಣದ ಚಿತ್ರ ಯಾವುದರಲ್ಲಿದೆ, ಕೈ ಎತ್ತಿ ಓಡುವ ಮಾಮೂಲಿ ಚಿತ್ರ ಯಾವುದರಲ್ಲಿದೆ ಎಂಬುದೇ ನನಗೆ ಮುಖ್ಯ. ಹಿಂಬದಿಯನ್ನೂ ನೋಡಿ: ಆಟದ ತಾರೀಕು, ಮೈದಾನ, ಎದುರಾಳಿ, ನಡೆದದ್ದರ ನಾಲ್ಕು ಸಾಲಿನ ವಿವರಣೆ ಇದ್ದರೆ ಇಪ್ಪತ್ತು ವರ್ಷದ ನಂತರವೂ ಕಾರ್ಡ್ ತಾನೇ ಮಾತನಾಡುತ್ತದೆ.

ಮಳೆಗಾಲ ಬಂದ್ರೆ ಕಾರ್ಡ್ ಬಾಗುತ್ತೆ. ಏನ್ ಮಾಡ್ಲಿ?

ಮಂಗಳೂರು, ಮಡಿಕೇರಿ, ಶಿವಮೊಗ್ಗ ಕಡೆಯವರ ಪ್ರಶ್ನೆ ಇದು. ಕಾಗದ ತೇವ ಹೀರಿ ಹಿಗ್ಗುತ್ತದೆ, ಮೇಲಿನ ಹೊಳಪಿನ ಪದರ ಹಿಗ್ಗುವುದಿಲ್ಲ; ಹಾಗಾಗಿ ಕಾರ್ಡ್ ಹೊಳೆಯುವ ಮುಖದ ಕಡೆಗೆ ಬಾಗುತ್ತದೆ. ಹೊಳಪಿಲ್ಲದ ಸಾಮಾನ್ಯ ಕಾರ್ಡ್‌ಗಳಿಗೆ ಈ ಬಾಧೆ ಕಡಿಮೆ. ಬಾಗಿದ್ದನ್ನು ಇಸ್ತ್ರಿ ಪೆಟ್ಟಿಗೆಯಿಂದಾಗಲಿ, ಭಾರದ ಪುಸ್ತಕ ಹೇರಿಯಾಗಲಿ ಒತ್ತಾಯದಿಂದ ನೆಟ್ಟಗೆ ಮಾಡಲು ಹೋಗಬೇಡಿ. ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಕೆಲವು ದಿನ ಇಟ್ಟರೆ ತೇವ ಇಳಿದಂತೆ ತಾನಾಗಿಯೇ ಹೆಚ್ಚುಕಡಿಮೆ ಸರಿಹೋಗುತ್ತದೆ. ಡಬ್ಬಿಯೊಳಗೆ ತೇವಾಂಶ ತೋರಿಸುವ ಸಣ್ಣ ಮೀಟರ್ ಇಟ್ಟು ಶೇಕಡಾ 50ರ ಆಸುಪಾಸಿನಲ್ಲಿ ಕಾಪಾಡಿಕೊಂಡರೆ ಸಾಕು. ತೀರ ಒಣಗಿಸಿದರೆ ಅದೇ ಕಾರ್ಡ್ ಹಿಂದಕ್ಕೆ ಬಾಗುತ್ತದೆ.

ಕಾರ್ಡನ್ನು ಮೊದಲು ತೆಳು ಪ್ಲಾಸ್ಟಿಕ್ ಸ್ಲೀವ್‌ಗೆ, ಆಮೇಲೆ ಟಾಪ್‌ಲೋಡರ್ ಎಂಬ ಗಟ್ಟಿ ಪ್ಲಾಸ್ಟಿಕ್ ಕವಚಕ್ಕೆ ಹಾಕಿ. ಸ್ಲೀವ್‌ಗೆ ಇಳಿಸುವಾಗ ಮೂಲೆ ತಗುಲಿ ಮಡಚಿಕೊಳ್ಳುವುದೇ ಹೆಚ್ಚು. ಸ್ಲೀವ್‌ನ ಬಾಯನ್ನು ಎರಡು ಬೆರಳಲ್ಲಿ ಸ್ವಲ್ಪ ಉಬ್ಬಿಸಿ, ಕಾರ್ಡಿನ ಒಂದು ಮೂಲೆಯನ್ನು ಮೊದಲು ಓರೆಯಾಗಿ ಇಳಿಸಿ, ಆಮೇಲೆ ನೇರಮಾಡಿ. ಫ್ಯಾನ್ಸಿ ಅಂಗಡಿಯ ಹಳೆಯ ಮಾದರಿಯ ಮೆತ್ತನೆಯ ಪಿವಿಸಿ ಫೋಟೋ ಆಲ್ಬಮ್ ಮಾತ್ರ ಬೇಡ. ಅದರಿಂದ ಒಸರುವ ಜಿಡ್ಡು ಮುಖಕ್ಕೆ ಅಂಟುತ್ತದೆ.

## ಪಳಗಿದವರ ಪ್ರಶ್ನೆಗಳು

ಮೊದಲ ಗೆಲುವಿನ ಆನ್-ಡಿಮಾಂಡ್ ಕಾರ್ಡನ್ನ ರೂಕಿ ಕಾರ್ಡ್ ಅನ್ನಬಹುದಾ?

ಬಹುಪಾಲು ಸಂಗ್ರಹಕಾರರು ಒಪ್ಪುವುದಿಲ್ಲ, ನಾನೂ ಒಪ್ಪುವುದಿಲ್ಲ. ಜಪಾನಿನ ಆಟಗಾರರ ವಿಷಯದಲ್ಲಿ ರೂಕಿ ಕಾರ್ಡ್ ಎಂದರೆ ವೃತ್ತಿಗೆ ಬಂದ ವರ್ಷ ಪ್ಯಾಕೆಟ್ ಸೆಟ್‌ಗಳಲ್ಲಿ ಬಂದ ಕಾರ್ಡ್ ಎಂಬುದೇ ರೂಢಿಯ ಅರ್ಥ; ಶೋಹೇ ಒಹ್ತಾನಿಗೆ 2013ರ ಬಿಬಿಎಂ ಇರುವುದು ಹಾಗೆ. ಆನ್-ಡಿಮಾಂಡ್ ಕಾರ್ಡ್ ಆಟಗಾರ ಏನಾದರೂ ಮಾಡಿದ ದಿನಕ್ಕೆ ಬರುವುದರಿಂದ ವರ್ಷವೇ ಬೇರೆಯಾಗಬಹುದು. ಸಸಾಕಿಯನ್ನೇ ನೋಡಿ: 2019ರ ಡ್ರಾಫ್ಟ್‌ನಲ್ಲಿ (ತಂಡಗಳು ಹೊಸ ಆಟಗಾರರನ್ನು ಆರಿಸಿಕೊಳ್ಳುವ ಸಭೆ) ಆಯ್ಕೆಯಾಗಿ 2020ರಲ್ಲಿ ತಂಡ ಸೇರಿದವನು ಆ ವರ್ಷ ಮೊದಲ ತಂಡದಲ್ಲಿ ಒಂದೂ ಆಟ ಆಡಲಿಲ್ಲ. ಪಾದಾರ್ಪಣೆ 2021ರ ಮೇ 16ರಂದು, ಮೊದಲ ಗೆಲುವು ಅದೇ ಮೇ 27ರಂದು ಹನ್‌ಶಿನ್ ಟೈಗರ್ಸ್ ವಿರುದ್ಧ ಕೋಶಿಯನ್ ಮೈದಾನದಲ್ಲಿ. ಮಾರುವವರು ಪಟ್ಟಿಯಲ್ಲಿ ರೂಕಿ ಎಂದು ಬರೆದ ಮಾತ್ರಕ್ಕೆ ಹೆಚ್ಚು ಹಣ ಕೊಡಬೇಕಿಲ್ಲ. ಮೊದಲ ಗೆಲುವಿನ ಕಾರ್ಡಿಗೆ ಅದರದ್ದೇ ಆದ ಘನತೆಯ ಸ್ಥಾನವಿದೆ, ಇನ್ನೊಂದರ ಹೆಸರನ್ನು ಸಾಲ ತರುವ ಅಗತ್ಯ ಅದಕ್ಕಿಲ್ಲ.

ಒಂದು ಕಂಪನಿಯಲ್ಲಿ ಕೆಲವು ತಂಡಗಳ ಕಾರ್ಡೇ ಕಾಣಲ್ಲ. ಯಾಕೆ?

ಜಪಾನಿನಲ್ಲಿ ಆಟಗಾರನ ಚಿತ್ರವನ್ನು ವ್ಯಾಪಾರಕ್ಕೆ ಬಳಸುವ ಹಕ್ಕನ್ನು ತಂಡಗಳು ನಿರ್ವಹಿಸುತ್ತವೆ. ಕಾರ್ಡ್ ಮತ್ತು ವಿಡಿಯೋ ಗೇಮ್‌ಗಳಲ್ಲಿ ತಮ್ಮ ಚಿತ್ರ ಹಾಗೂ ಹೆಸರಿನ ಬಳಕೆಯ ಬಗ್ಗೆ ಆಟಗಾರರೇ ತಂಡಗಳ ವಿರುದ್ಧ ನ್ಯಾಯಾಲಯಕ್ಕೆ ಹೋಗಿದ್ದರು. ಕೆಳ ಹಂತಗಳಲ್ಲಿ ತಂಡಗಳ ಪರವಾಗಿ ಬಂದ ತೀರ್ಪು 2010ರಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿ ಅಂತಿಮವಾಯಿತು. ಹಾಗಾಗಿ ಕಾರ್ಡ್ ಕಂಪನಿ ತಂಡಗಳ ಜೊತೆ ಒಪ್ಪಂದ ಮಾಡಿಕೊಳ್ಳಬೇಕು, ಒಪ್ಪಂದವಿಲ್ಲದ ಕಡೆ ಕಾರ್ಡೂ ಇಲ್ಲ. ಒಂದು ತಂಡವನ್ನೇ ಸಂಗ್ರಹಿಸುವ ಆಸೆಯಿದ್ದರೆ ಆ ತಂಡ ಆ ವರ್ಷ ಯಾವ ಕಂಪನಿಯ ಪಟ್ಟಿಯಲ್ಲಿದೆಯೆಂದು ನೋಡಿಯೇ ಮುಂದುವರಿಯಿರಿ.

ಗ್ರೇಡಿಂಗ್‌ಗೆ ಕಳಿಸಲಾ?

ಪಿಎಸ್‌ಎ ಸಂಸ್ಥೆ ಜಪಾನಿನ ಕಾರ್ಡ್‌ಗಳನ್ನು ಪರೀಕ್ಷಿಸಿ ಅಂಕ ಕೊಡುತ್ತದೆ, ತೋಕಿಯೊದಲ್ಲೂ ಅದಕ್ಕೆ ಕಚೇರಿಯಿದೆ. ಆದರೆ ಆನ್-ಡಿಮಾಂಡ್ ಕಾರ್ಡ್‌ಗಳು ಪ್ಯಾಕೆಟ್, ಯಂತ್ರ, ಅಂಗಡಿಯ ಕೈಗಳನ್ನು ದಾಟದೆ ನೇರ ಮನೆಗೆ ಬರುವುದರಿಂದ ಬಹುತೇಕ ಒಳ್ಳೆಯ ಸ್ಥಿತಿಯಲ್ಲೇ ಇರುತ್ತವೆ. ಎಲ್ಲರದೂ ಚೆನ್ನಾಗಿದ್ದಾಗ ಹತ್ತಕ್ಕೆ ಹತ್ತು ಸಿಕ್ಕರೂ ಅದರಲ್ಲಿ ವಿಶೇಷವಿಲ್ಲ. ಇಲ್ಲಿಂದ ಕಳಿಸಿ ತರಿಸುವ ವೆಚ್ಚ ಕಾರ್ಡಿನ ಬೆಲೆಯನ್ನು ಸುಲಭವಾಗಿ ಮೀರುತ್ತದೆ. ಸಹಿ ಇರುವ ಅಥವಾ ಕ್ರಮಸಂಖ್ಯೆ ಒತ್ತಿದ ವಿಶೇಷ ಕಾರ್ಡ್ ಬಂದರೆ ಮಾತ್ರ ಯೋಚಿಸಿ, ಅದೂ ಕಾರ್ಡ್ ಜಪಾನಿನಲ್ಲಿರುವಾಗಲೇ.

ನಕಲಿ ಇರುತ್ತಾ? ಹೇಗೆ ಪತ್ತೆ ಮಾಡೋದು?

ಅಸಲಿಯ ನಕಲಿಗಿಂತ ಹೆಚ್ಚು ಕಾಡುವುದು ಅಭಿಮಾನಿಗಳು ತಾವೇ ವಿನ್ಯಾಸ ಮಾಡಿ ಮುದ್ರಿಸಿದ ಕಾರ್ಡ್‌ಗಳು. ಒಹ್ತಾನಿ, ಸಸಾಕಿಯಂಥವರ ಫೋಟೋ ಹಾಕಿ, ನೋಡಲು ಸೊಗಸಾಗಿ ಮಾಡಿದ ಇವು ವಿದೇಶಿ ಹರಾಜು ತಾಣಗಳಲ್ಲಿ ಜಪಾನಿನ ವಿರಳ ಕಾರ್ಡ್ ಎಂಬ ಹೆಸರಿನಲ್ಲಿ ಕಾಣಿಸಿಕೊಳ್ಳುತ್ತವೆ. ಹಿಂಬದಿಯ ಫೋಟೋ ಕೇಳಿ. ಕಂಪನಿಯ ಹೆಸರು, ಕಾರ್ಡಿನ ಸಂಖ್ಯೆ, ಹಕ್ಕುಸ್ವಾಮ್ಯದ ಸಾಲು ಇವೆಯೇ ಎಂದು ನೋಡಿ, ಆ ಸಂಖ್ಯೆ ಕಂಪನಿಯ ಅದೇ ವರ್ಷದ ಪಟ್ಟಿಯಲ್ಲಿ ಅದೇ ಆಟಗಾರನಿಗೆ ಸೇರಿದೆಯೇ ಎಂದು ತಾಳೆ ಹಾಕಿ. ಹಿಂಬದಿ ತೋರಿಸಲು ಹಿಂಜರಿಯುವ ಮಾರಾಟಗಾರನ ಹತ್ತಿರ ಮಾತು ಮುಂದುವರಿಸಬೇಕಿಲ್ಲ.

ನನ್ನ ಹತ್ರ ಈಗ ನೂರಾರು ಕಾರ್ಡ್ ಆಗಿದೆ. ಪಟ್ಟಿ ಹೇಗೆ ಇಡೋದು?

ಕಾರ್ಡ್ ಕೈಗೆ ಬರುವ ತನಕ ಕಾಯದೆ, ಆರ್ಡರ್ ಮಾಡಿದ ದಿನವೇ ಬರೆಯಿರಿ. ಮಾರಾಟದ ಪುಟವನ್ನು ಅವಧಿ ಮುಗಿಯುವ ಮೊದಲೇ ಪಿಡಿಎಫ್ ಆಗಿ ಉಳಿಸಿಕೊಳ್ಳುವುದು ಅತಿ ಮುಖ್ಯ, ಏಕೆಂದರೆ ಹಳೆಯ ಪುಟಗಳು ಅಂಗಡಿಯಿಂದ ಮಾಯವಾಗುತ್ತವೆ. ಅವುಗಳ ಜೊತೆ ಘಟನೆಯ ವಿವರಣೆಯೂ, ಮಾರಾಟದ ದಿನಾಂಕಗಳೂ ಹೋಗುತ್ತವೆ. ಸಾಧಾರಣ ಎಕ್ಸೆಲ್ ಶೀಟ್ ಸಾಕು. ಕಂಪನಿ, ವರ್ಷ, ಕಾರ್ಡ್ ಸಂಖ್ಯೆ, ಆಟಗಾರನ ಹೆಸರು ಕನ್ನಡದಲ್ಲೂ ಜಪಾನಿ ಲಿಪಿಯಲ್ಲೂ, ಆಟದ ತಾರೀಕು, ಮೈದಾನ, ಎದುರಾಳಿ, ಕಂಪನಿ ಪ್ರಕಟಿಸಿದ್ದರೆ ಮುದ್ರಣ ಸಂಖ್ಯೆ, ನೀವು ಕೊಟ್ಟ ಒಟ್ಟು ಹಣ ಇವುಗಳಿಗೆ ಒಂದೊಂದು ಕಾಲಂ ಇರಲಿ. ಮುದ್ರಣ ಸಂಖ್ಯೆಯನ್ನು ಕಾರ್ಡಿನ ಮೇಲೆ ಹಾಕುವ ರೂಢಿ ಸಾಮಾನ್ಯವಾಗಿ ಇಲ್ಲದ್ದರಿಂದ, ಪ್ರಕಟವಾದಾಗ ನೀವು ಬರೆದಿಟ್ಟುಕೊಳ್ಳದಿದ್ದರೆ ಮುಂದೆ ಹುಡುಕಿ ತೆಗೆಯುವುದು ಕಷ್ಟ. ಕಾರ್ಡ್ ಜೋಡಿಸುವಾಗ ಕಂಪನಿಯ ಕ್ರಮಸಂಖ್ಯೆಗಿಂತ ಆಟದ ತಾರೀಕಿನ ಕ್ರಮವೇ ಅನುಕೂಲ: ಎಪಾಕ್‌ನದೂ ಟಾಪ್ಸ್‌ನದೂ ಒಂದೇ ಡಬ್ಬಿಯಲ್ಲಿ ಬೆರೆತು, ಮಾರ್ಚ್‌ನ ಮೊದಲ ಆಟದಿಂದ ಅಕ್ಟೋಬರ್‌ನ ಜಪಾನ್ ಸೀರೀಸ್‌ವರೆಗೆ ಋತು ಇದ್ದಂತೆಯೇ ಸಾಲಾಗಿ ನಿಲ್ಲುತ್ತದೆ.